ರಿಮೋಟ್ ಅಪ್ಪನ ಕೈಗೆ ಕೊಟ್ಟು ನೋಡಿ

ಹೋಮ್ ಥಿಯೇಟರ್ ಪಿಸಿ ಬಗ್ಗೆ ಬರೆಯೋರೆಲ್ಲ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಎಂಥದ್ದು, ಎಷ್ಟು ಚಾನೆಲ್ ಸೌಂಡು ಅಂತಲೇ ಶುರು ಮಾಡ್ತಾರೆ. ಎಷ್ಟು ವಾಟ್ ಕರೆಂಟು ತಿನ್ನುತ್ತೆ, ಫ್ಯಾನ್ ಎಷ್ಟು ಸದ್ದು ಮಾಡುತ್ತೆ ಅನ್ನೋದನ್ನೂ ಅಳೆದು ಬರೀತಾರೆ. ಆದರೆ ಅದನ್ನು ಜೋಡಿಸಿದ ಮಹಾಶಯ ಆಫೀಸಿನಲ್ಲಿ ಕೂತಿರುವಾಗ ಮನೆಯಲ್ಲಿರೋ ಬೇರೆಯವರು ಅದರಲ್ಲಿ ಒಂದು ಸಿನಿಮಾ ಹಾಕಿಕೊಂಡು ನೋಡೋಕಾಗುತ್ತಾ? ಅದರ ಬಗ್ಗೆ ಒಂದು ಸಾಲೂ ಇರಲ್ಲ. ನನ್ನ ಲೆಕ್ಕದಲ್ಲಿ ಇಂಥ ಯಂತ್ರದ ವಿಮರ್ಶೆ ಆ ಪ್ರಶ್ನೆಯಿಂದಲೇ ಶುರುವಾಗಬೇಕು. ನಮ್ಮ ಮನೆಯಲ್ಲಿ ಅಪ್ಪ ಇದ್ದಾರೆ. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ಅರವತ್ತು ವರ್ಷ ಕಳೆದು ಈಗ ಬೆಂಗಳೂರಿನ ಎರಡನೇ ಮಹಡಿಯಲ್ಲಿ ಹಗಲೆಲ್ಲ ಕೂತಿರೋ ಮನುಷ್ಯ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ರಿಪೇರಿ ಮಾಡೋರಿಗೆ ಟೀವಿ ಮೆನು ಅರ್ಥ ಆಗ್ತಿಲ್ಲ ಅಂದ್ರೆ ದೋಷ ಅವರದ್ದಲ್ಲ, ಮೆನು ಮಾಡಿದವರದ್ದು.

ನಾನು ಇಲ್ಲಿ ಅಳೆಯೋಕೆ ಹೊರಟಿರೋದು ಕೋಡಿ ಅನ್ನೋ ಸಾಫ್ಟ್‌ವೇರನ್ನು. ನಮ್ಮ ಕಡೆ ಕೋಡಿ ಅಂದ್ರೆ ಕೆರೆ ತುಂಬಿ ಹೆಚ್ಚಿನ ನೀರು ಹರಿದು ಹೋಗೋ ಜಾಗ. ಹೆಸರಿಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ, ಆದರೆ ಹಾರ್ಡ್ ಡಿಸ್ಕ್ ತುಂಬಿ ತುಳುಕೋ ನಮ್ಮಂಥವರಿಗೆ ಸರಿಯಾಗೇ ಹೊಂದುತ್ತೆ. 2002ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಡಬ್ಬಿಯಲ್ಲಿ ವಿಡಿಯೊ ಓಡಿಸೋಕೆ ಹವ್ಯಾಸಿಗಳು ಬರೆದದ್ದು ಇದರ ಮೂಲ. ಆಮೇಲೆ ಎಕ್ಸ್‌ಬಿಎಂಸಿ ಆಯ್ತು, 2014ರಲ್ಲಿ ಕೋಡಿ ಆಯ್ತು. ಆ ಡಬ್ಬಿಯಲ್ಲಿದ್ದದ್ದು 733 ಮೆಗಾಹರ್ಟ್ಸ್ ಪ್ರೊಸೆಸರ್, 64 ಎಂಬಿ ಮೆಮೊರಿ. ಅಷ್ಟರಲ್ಲೇ ಹುಟ್ಟಿ ಬೆಳೆದದ್ದಕ್ಕೋ ಏನೋ, ಇವತ್ತಿಗೂ ಅದು ಅಂಗೈ ಅಗಲದ ರಾಸ್ಪ್‌ಬೆರಿ ಪೈ ಮೇಲೆ ತಕರಾರಿಲ್ಲದೆ ಓಡುತ್ತೆ.

ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡ್ತೀನಿ. ಕೊಟ್ಟಿದ್ದನ್ನೆಲ್ಲ ತಿನ್ನುತ್ತೆ. ಹಳೇ ವಿಸಿಡಿಯಿಂದ ಎತ್ತಿದ ಡ್ಯಾಟ್ ಫೈಲನ್ನೂ ಮುಖ ಸಿಂಡರಿಸದೆ ಓಡಿಸುತ್ತೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಸಿಇಸಿ ಅಂತ ಒಂದು ಸೌಕರ್ಯ ಇದೆ. ಅದನ್ನು ಟೀವಿಯಲ್ಲಿ ಆನ್ ಮಾಡಿದರೆ ಪೈಯನ್ನು ಟೀವಿಯದೇ ರಿಮೋಟಿನಿಂದ ನಡೆಸಬಹುದು. ಬಾಣದ ನಾಲ್ಕು ಗುಂಡಿ, ಓಕೆ, ಬ್ಯಾಕ್. ಇಷ್ಟೇ ಸಾಕು. ಕೀಬೋರ್ಡು, ಮೌಸು, ಇನ್ನೊಂದು ರಿಮೋಟು ಯಾವುದೂ ಬೇಡ. ಅಚ್ಚರಿ ಅಂದ್ರೆ ದುಬಾರಿ ಪಿಸಿಗಳ ಗ್ರಾಫಿಕ್ಸ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಈ ಸೌಕರ್ಯ ಇರೋದಿಲ್ಲ, ಕೆಲವೇ ಸಾವಿರದ ಪೈಯಲ್ಲಿ ಇದೆ. ಅಪ್ಪನ ಪರೀಕ್ಷೆಯ ಮೊದಲ ಸುತ್ತಿನಲ್ಲಿ ಕೋಡಿ ಪಾಸು.

ಎರಡನೇ ಸುತ್ತು ಲೈಬ್ರರಿ. ಇಲ್ಲಿ ನನ್ನ ತಕರಾರು ಗಂಭೀರವಾದದ್ದು. ಕೋಡಿಗೆ ಒಂದು ಫೋಲ್ಡರ್ ತೋರಿಸಿದ ಕೂಡಲೇ ಅದು ಕೇಳೋದು, ಇದು ಸಿನಿಮಾನೋ, ಟೀವಿ ಧಾರಾವಾಹಿನೋ, ಮ್ಯೂಸಿಕ್ ವಿಡಿಯೊನೋ ಅಂತ. ಲೋಕದಲ್ಲಿ ನೋಡೋಕೆ ಇರೋದೆಲ್ಲ ಇವಿಷ್ಟರಲ್ಲೇ ಮುಗಿದುಹೋಯ್ತು ಅನ್ನೋ ಹಾಗೆ. ಆಮೇಲೆ ಫೈಲಿನ ಹೆಸರು ಹಿಡಿದು ಇಂಟರ್ನೆಟ್ಟಿನ ದೊಡ್ಡ ಪಟ್ಟಿಯೊಂದರಲ್ಲಿ ಹುಡುಕಿ ಪೋಸ್ಟರು, ಕಥೆ, ನಟರ ಹೆಸರು ತಂದು ಅಂಟಿಸುತ್ತೆ. ಹಾಲಿವುಡ್ ಸಿನಿಮಾಗೆ ಇದು ಜಾದೂ. ಕನ್ನಡ ಸಿನಿಮಾಗೆ ಇಂಗ್ಲಿಷ್ ಕಾಗುಣಿತದ ತಾಪತ್ರಯ. 'ಭೂತಯ್ಯನ ಮಗ ಅಯ್ಯು' ಚಿತ್ರದ 'ತ'ಕ್ಕೆ ಒಬ್ಬರು ಬರೀ ಟಿ ಹಾಕ್ತಾರೆ, ಇನ್ನೊಬ್ಬರು ಟಿ ಪಕ್ಕ ಎಚ್ ಸೇರಿಸ್ತಾರೆ. ಪಟ್ಟಿಗೆ ಸೇರಿಸಿದವರೂ ನೀವೂ ಒಂದೇ ಥರ ಬರೆದಿದ್ರೆ ಸಿಕ್ತು, ಇಲ್ಲಾಂದ್ರೆ ಇಲ್ಲ. ಇದಕ್ಕೆ ಪರಿಹಾರ ಇದೆ. ಸಿನಿಮಾ ಪಕ್ಕದಲ್ಲಿ ಎನ್‌ಎಫ್‌ಓ ಅನ್ನೋ ಪುಟ್ಟ ಪಠ್ಯದ ಫೈಲಿಟ್ಟು ಅದರೊಳಗೆ ಆ ಪಟ್ಟಿಯ ಕೊಂಡಿ ಹಾಕಿದರೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತೆ. ಐವತ್ತು ಸಿನಿಮಾಗೆ ಒಂದು ಭಾನುವಾರ ಹೋಗುತ್ತೆ ಅಷ್ಟೆ.

ನಮ್ಮನೆಯ ನಿಜವಾದ ಆಸ್ತಿ ಸಿನಿಮಾ ಅಲ್ಲ. ತೊಂಬತ್ತರ ದಶಕದ ಕೊನೆಗೆ ನಮ್ಮೂರ ಜಾತ್ರೆಯಲ್ಲಿ ಆಡಿದ ಕುರುಕ್ಷೇತ್ರ ನಾಟಕದ ವಿಡಿಯೊ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವ ಮುಗಿದದ್ದು. ಮದುವೆ ವಿಡಿಯೊದವನನ್ನು ಕರೆಸಿ ತೆಗೆಸಿದ್ದು, ಆಮೇಲೆ ಆರು ವಿಸಿಡಿಗೆ ಹಾಕಿಸಿದ್ದು. ಚಿಕ್ಕಪ್ಪ ದುರ್ಯೋಧನ. ಅವರು ಈಗಿಲ್ಲ. ಅವರು ಹಾಡಿದ್ದು, ಆರ್ಭಟಿಸಿದ್ದು ಉಳಿದಿರೋದು ಇದೊಂದರಲ್ಲೇ. ಆರೂ ಡಿಸ್ಕಿನಲ್ಲಿ ವಿಡಿಯೊ ಫೈಲಿನ ಹೆಸರು ಒಂದೇ, ವಿಸಿಡಿಯ ರೂಢಿಯೇ ಹಾಗೆ. ಅದನ್ನೆಲ್ಲ ಕುರುಕ್ಷೇತ್ರ ಸಿಡಿ1, ಸಿಡಿ2 ಅಂತ ಇಂಗ್ಲಿಷಿನಲ್ಲಿ ಬದಲಾಯಿಸಿ ಇಟ್ಟರೆ ಕೋಡಿ ಆರನ್ನೂ ಜೋಡಿಸಿ ಒಂದೇ ಚಿತ್ರದ ಹಾಗೆ ಓಡಿಸುತ್ತೆ. ಇದು ಭೇಷ್. ಆದರೆ ಸಿನಿಮಾ ಅಂತ ತಿಳಿದು ಪಟ್ಟಿಯಲ್ಲಿ ಹುಡುಕಿ, 2000ನೇ ಇಸವಿಯ ಹಿಂದಿ 'ಕುರುಕ್ಷೇತ್ರ'ದ ಪೋಸ್ಟರ್ ಅಂಟಿಸಿಬಿಡ್ತು. ನಮ್ಮ ಚಿಕ್ಕಪ್ಪನ ಜಾಗದಲ್ಲಿ ಸಂಜಯ್ ದತ್! 'ಗೊತ್ತಿಲ್ಲ' ಅಂತ ಹೇಳೋ ಬದಲು ಹತ್ತಿರದ ಹೆಸರು ಹಿಡಿದು ಅಂಟಿಸೋ ಈ ಬುದ್ಧಿ ಇದೆಯಲ್ಲ, ಅದೇ ನನಗೆ ಸಿಟ್ಟು ತರಿಸೋದು. ಫೋಲ್ಡರ್ ಬಗೆಯನ್ನು 'ಯಾವುದೂ ಅಲ್ಲ' ಅಂತ ಸೆಟ್ ಮಾಡಿದರೆ ಇದು ನಿಲ್ಲುತ್ತೆ. ಆಗ ಅದು ಸಿನಿಮಾಗಳ ಅಂದದ ಗೋಡೆಯಿಂದ ಹೊರಗೆ, ಬರೀ ಫೈಲುಗಳ ಸಾಲಿಗೆ ಬೀಳುತ್ತೆ. ಮನೆಯವರ ವಿಡಿಯೊಗೆ ಪಡಸಾಲೆಯಲ್ಲಿ ಜಾಗ ಇಲ್ಲ, ಕೊಟ್ಟಿಗೆಯಲ್ಲಿ ಇರಲಿ ಅನ್ನೋ ಹಾಗೆ. ಮನೆಗೆ ಅಂತ ಮಾಡಿದ ಸಾಫ್ಟ್‌ವೇರು ಮನೆಯದನ್ನೇ ಪರಕೀಯ ಮಾಡೋದು ನನ್ನ ಮಟ್ಟಿಗೆ ಅದರ ದೊಡ್ಡ ಲೋಪ.

ಇನ್ನೊಂದು ಲೋಪ ಕಣ್ಣಿಗೆ ಬೀಳೋದು ನಿಧಾನ. ನಮ್ಮ ದೇಶದ ವಿಸಿಡಿ, ಡಿವಿಡಿ ಹೆಚ್ಚಾಗಿ ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ಇಂಥ ಡಬ್ಬಿಗಳು ಟೀವಿಗೆ ಸಾಮಾನ್ಯವಾಗಿ ಕಳಿಸೋದು ಸೆಕೆಂಡಿಗೆ 60. 25ನ್ನು 60ಕ್ಕೆ ಸಮನಾಗಿ ಹಂಚೋಕೆ ಬರಲ್ಲ, ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬರುತ್ತೆ. ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಕುಲುಕಾಟ. ಜನ ನೆಟ್‌ವರ್ಕ್ ಸರಿ ಇಲ್ಲ ಅಂತ ರೌಟರ್ ಬದಲಾಯಿಸ್ತಾರೆ! ಕೋಡಿಯಲ್ಲಿ ಡಿಸ್‌ಪ್ಲೇ ರಿಫ್ರೆಶ್ ರೇಟನ್ನು ವಿಡಿಯೊಗೆ ತಕ್ಕಂತೆ ಹೊಂದಿಸೋ ಆಯ್ಕೆ ಇದೆ, ಅದನ್ನು ಹಾಕಿದರೆ ಟೀವಿ 50ಕ್ಕೆ ಬಂದು ಕುಲುಕಾಟ ನಿಲ್ಲುತ್ತೆ. ಆದರೆ ಅದು ಮೊದಲಿಗೆ ಆಫ್ ಆಗಿರುತ್ತೆ. ಇಂಥದ್ದನ್ನು ಆಫ್ ಇಟ್ಟು ಕೊಡೋದು ಯಾವ ನ್ಯಾಯ?

ಹಾಗಾಗಿ ವಿಡಿಯೊ ತಡವರಿಸಿದಾಗ ಕೈಗೆ ಸಿಕ್ಕ ತಂತಿ ಎಳೆಯೋ ಮುಂಚೆ ಒಂದು ಕ್ರಮ ಇಟ್ಟುಕೊಳ್ಳಿ. ಅದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಪ್ಲೇಯರಿಗೇ ಚುಚ್ಚಿ ನೋಡಿ. ಅಲ್ಲೂ ತಡವರಿಸಿದರೆ ನೆಟ್‌ವರ್ಕ್ ನಿರಪರಾಧಿ. ಒಂದು ಕೀಬೋರ್ಡ್ ಸಿಕ್ಕಿಸಿ ವಿಡಿಯೊ ಓಡುವಾಗ 'ಓ' ಕೀ ಒತ್ತಿದರೆ ಡಿಕೋಡ್ ಮಾಡ್ತಿರೋದು ಹಾರ್ಡ್‌ವೇರೋ ಸಾಫ್ಟ್‌ವೇರೋ ಅಂತ ತೋರಿಸುತ್ತೆ. ಪೆನ್‌ಡ್ರೈವಿನಲ್ಲಿ ಸಲೀಸಾಗಿ ಓಡಿದರೆ ಮಾತ್ರ ನೆಟ್‌ವರ್ಕ್ ಕಡೆ ತಿರುಗಿ.

ನೆಟ್‌ವರ್ಕ್ ಅಂದ್ರೆ ನನಗೆ ಕಾಲುವೆನೇ. ತೂಬು ಎಷ್ಟು ದೊಡ್ಡದಿದ್ದರೂ ನಡುವೆ ಒಂದು ಕಡೆ ಹೂಳು ತುಂಬಿದ್ದರೆ ತುದಿಯ ಗದ್ದೆಗೆ ನೀರಿಲ್ಲ. ಫೈಬರ್ ಹಾಕೋಕೆ ಬಂದ ಹುಡುಗ ಬಾಗಿಲ ಹತ್ತಿರ ಎಲ್ಲಿ ಮೊಳೆ ಸಿಕ್ಕಿತೋ ಅಲ್ಲಿ ರೌಟರ್ ನೇತುಹಾಕಿ ಹೋಗ್ತಾನೆ. ಅಲ್ಲಿಂದ ಕಾಂಕ್ರೀಟ್ ಕಂಬ, ಎರಡು ಗೋಡೆ, ಒಂದು ಕಬ್ಬಿಣದ ಬೀರು ದಾಟಿ ವೈಫೈ ಬರಬೇಕು. ಸಾಲದ್ದಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ, 1, 6 ಮತ್ತು 11. ಅಪಾರ್ಟ್‌ಮೆಂಟಿನ ಇಪ್ಪತ್ತು ರೌಟರು ಆ ಮೂರರಲ್ಲೇ ಕಿತ್ತಾಡ್ತವೆ. ಪೆಟ್ಟಿಗೆ ಮೇಲೆ 300 ಎಂಬಿಪಿಎಸ್ ಅಂತ ಬರೆದಿರ್ತಾರೆ, ಬಿಡಿ.

ಬಿಲ್ಡರು ಕೇಬಲ್ ಟೀವಿಗೆ ಅಂತ ಗೋಡೆಯೊಳಗೆ ಬಿಟ್ಟ ಪೈಪು ನಿಮ್ಮನೆಯಲ್ಲೂ ಇದ್ದೀತು. ಹಳೇ ತಂತಿಯ ತುದಿಗೆ ಹೊಸ ಕ್ಯಾಟ್ 6 ಕಟ್ಟಿ ಎಳೆದರೆ ಅರ್ಧ ದಿನದ ಕೆಲಸ. ಗಿಗಾಬಿಟ್‌ಗೆ ಒಳಗಿನ ನಾಲ್ಕೂ ಜೋಡಿ ಎಳೆ ಬೇಕು, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಎಲ್ಲ ಸರಿ ಇದ್ದೂ ಲಿಂಕು 100ಕ್ಕೇ ನಿಂತಿದೆ ಅಂದ್ರೆ ಮೊದಲ ಅನುಮಾನ ಕ್ರಿಂಪ್ ಮಾಡಿದ ಪಿನ್ನಿನ ಮೇಲೇ ಬರಬೇಕು. ಆದರೆ ಗಿಗಾಬಿಟ್ ಹುಚ್ಚಿಗೆ ಬೀಳೋ ಮುಂಚೆ ಲೆಕ್ಕ ನೋಡಿ. ಮಾಮೂಲಿ ಬ್ಲೂ-ರೇ ಗರಿಷ್ಠ 54 ಎಂಬಿಪಿಎಸ್. 4ಕೆ ಬ್ಲೂ-ರೇ ಮಾತ್ರ 100 ದಾಟಬಲ್ಲದು. ಅಷ್ಟಕ್ಕೂ ಲಕ್ಷದ ಟೀವಿಗಳಲ್ಲೂ ಎಷ್ಟೋ ಸಲ ಎತರ್ನೆಟ್ ಪೋರ್ಟು ಬರೀ 100ರದ್ದೇ.

ಗೆಳೆಯನೊಬ್ಬನ ಮನೆಯಲ್ಲಿ ಟೀವಿಗೆ ಪಿಸಿ ಕಾಣಿಸೋದೇ ಇಲ್ಲ. ಇಂಟರ್ನೆಟ್ ಎರಡರಲ್ಲೂ ಚೆನ್ನಾಗಿದೆ. ನೋಡಿದರೆ ಇಂಟರ್ನೆಟ್ಟಿನವರು ಕೊಟ್ಟ ರೌಟರಿಗೆ ಟೀವಿ, ಅವನು ತಂದು ಅದಕ್ಕೇ ಸಿಕ್ಕಿಸಿದ ಇನ್ನೊಂದು ರೌಟರಿಗೆ ಪಿಸಿ. ಎರಡೂ ತಮ್ಮತಮ್ಮ ಪಾಲಿಗೆ ವಿಳಾಸ ಹಂಚ್ತಾ ಕೂತಿವೆ. ಒಂದೇ ಊರಿಗೆ ಇಬ್ಬರು ನೀರುಗಂಟಿಗಳು. ಎರಡನೇ ರೌಟರಿನ ಡಿಎಚ್‌ಸಿಪಿ ಆಫ್ ಮಾಡಿ, ತಂತಿಯನ್ನು ವ್ಯಾನ್ ಪೋರ್ಟಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿದ್ದಷ್ಟೆ. ಹತ್ತು ನಿಮಿಷ ಹಿಡಿಯಿತು, ಕಾಫಿ ಬರೋಕೆ ಅದಕ್ಕಿಂತ ಹೊತ್ತಾಯ್ತು.

ಹಾಗಾದ್ರೆ ಟೀವಿ ಕೆಳಗೆ ನಲವತ್ತು ಸಾವಿರದ ಪಿಸಿ ಬೇಕಾ? ಬೇಡ ಅಂತಲೇ ನನ್ನ ತೀರ್ಪು. ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರನ್ನು 2015ರ ವಿಂಡೋಸ್ 10ರಲ್ಲಿ ಕೈಬಿಟ್ಟಿತು. ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡೋ ಟ್ಯೂನರ್ ಕಾರ್ಡಿಗೆ ನಮ್ಮ ಡಿಟಿಎಚ್ ಕಂಪನಿಗಳ ಬೀಗ ತೆಗೆಯೋಕೆ ಬರಲ್ಲ, ಡಿಡಿ ಫ್ರೀ ಡಿಶ್‌ನ ಬೀಗವಿಲ್ಲದ ಚಾನೆಲ್ಲುಗಳಷ್ಟೇ ಗತಿ. ನೆಟ್‌ಫ್ಲಿಕ್ಸ್ ಥರದವು ನಕಲು ತಡೆಯೋ ಬೀಗದ ನೆಪದಲ್ಲಿ ಪಿಸಿಯ ಎಷ್ಟೋ ಬ್ರೌಸರುಗಳಿಗೆ ಕಡಿಮೆ ದರ್ಜೆಯ ಚಿತ್ರ ಕೊಟ್ಟು, ಹೆಬ್ಬೆರಳ ಗಾತ್ರದ ಕಡ್ಡಿಗೆ ಪೂರ್ತಿ ಚಿತ್ರ ಕೊಡ್ತವೆ. ಪಿಸಿಯ ಜಾಗ ಈಗ ಟೀವಿ ಕೆಳಗಲ್ಲ, ಅಟ್ಟದ ಮೇಲೆ. ಹಳೇದೊಂದು ಸಣ್ಣ ಪಿಸಿ, ಎರಡು ಡಿಸ್ಕು, ಒಂದರ ಪ್ರತಿ ಇನ್ನೊಂದರಲ್ಲಿ. ಬಯೋಸ್‌ನಲ್ಲಿ ಕರೆಂಟು ಬಂದ ತಕ್ಷಣ ತಾನೇ ಆನ್ ಆಗೋ ಆಯ್ಕೆ ಹಾಕಿಡಿ. ರೌಟರಿಗೂ ಇದಕ್ಕೂ ಸೇರಿ ಒಂದು ಯುಪಿಎಸ್. ಇಲ್ಲಾಂದ್ರೆ ಕರೆಂಟು ಹೋಗಿ ಬಂದಾಗ ಪ್ಲೇಯರ್ ಮೊದಲು ಎದ್ದು, ಸರ್ವರ್ ಇನ್ನೂ ಕಣ್ಣುಜ್ಜುತ್ತಿರುವಾಗಲೇ 'ಫೈಲ್ ಇಲ್ಲ' ಅಂತ ರಾಗ ಎಳೆಯುತ್ತೆ, ಅಪ್ಪ ಆಫೀಸಿಗೆ ಫೋನ್ ಮಾಡ್ತಾರೆ. ಸರ್ವರಿಗೆ ರೌಟರಿನಲ್ಲೇ ಒಂದು ಖಾಯಂ ವಿಳಾಸ ಕೊಟ್ಟುಬಿಡಿ. ದುಡ್ಡು ಹಾಕೋದಿದ್ದರೆ ಮೊದಲು ತಂತಿಗೆ, ಆಮೇಲೆ ಡಿಸ್ಕಿಗೆ, ಮಿಕ್ಕಿದ್ದು ಡಬ್ಬಿಗೆ.

ಇಷ್ಟಾದ ಮೇಲೂ ಕೋಡಿ ಮೇಲೆ ನನ್ನದೊಂದು ದೂರು ಹಾಗೇ ಉಳಿದಿದೆ. ನಾನು ಬಳಸ್ತಿರೋ 17ನೇ ಆವೃತ್ತಿಯಲ್ಲಿ ಕನ್ನಡ ಅಕ್ಷರ ಬರೀ ಚೌಕಗಳಾಗಿ ಕಾಣುತ್ತೆ. ಕನ್ನಡ ಇರೋ ಫಾಂಟ್ ಹಾಕಿದರೆ ಅಕ್ಷರ ಬರುತ್ತೆ, ಒತ್ತು ಕೂಡಲ್ಲ. ಕುರುಕ್ಷೇತ್ರದ 'ಕ್ಷೇ' ಮತ್ತು 'ತ್ರ' ಎರಡೂ ಬಿಡಿಬಿಡಿಯಾಗಿ ಬಿದ್ದಿರುತ್ತೆ, ಭೀಮ ತೊಡೆ ಮುರಿದ ಹಾಗೆ. ಇಂಗ್ಲಿಷಿನಲ್ಲಿ ಬರೆದಿಟ್ಟರೆ ಅಪ್ಪನಿಗೆ ಓದೋಕೆ ಬರಲ್ಲ. ಸದ್ಯಕ್ಕೆ ನಾಟಕದ ಮೊದಲ ದೃಶ್ಯದಿಂದ ಒಂದು ಚಿತ್ರ ಕತ್ತರಿಸಿ ಫೋಲ್ಡರಿಗೆ ಮುಖಪಟ ಮಾಡಿ ಹಾಕಿದ್ದೀನಿ. ಅಪ್ಪ ಹೆಸರು ಓದೋಕೇ ಹೋಗಲ್ಲ. ಮೀಸೆ, ಗದೆ ಕಂಡ ಕಡೆ ಓಕೆ ಒತ್ತುತ್ತಾರೆ.