ಅಕ್ಷರಾಭ್ಯಾಸ ಮತ್ತು ಕೀಲಿಮಣೆ: ಒಂದು ವಿಮರ್ಶೆ

ಓದುಬರಹವನ್ನು ಆಗತಾನೆ ತೊಡಗಿದ ಮಗುವಿಗೆ ಕೀಲಿಮಣೆಯ ಬೆರಳಚ್ಚನ್ನೂ ಜೊತೆಯಲ್ಲಿಯೇ ಕಲಿಸಬೇಕೆಂಬ ವಾದವೊಂದುಂಟು. ಫಿನ್ಲೆಂಡ್ ದೇಶವು 2016ರಲ್ಲಿ ಕೂಡುಬರಹದ ಕಡ್ಡಾಯವನ್ನು ತೆಗೆದು ಬೆರಳಚ್ಚಿಗೆ ಪಾಠಕ್ರಮದಲ್ಲಿ ಎಡೆಗೊಟ್ಟುದನ್ನು ವಾದಿಗಳು ಮುಂದಿಡುತ್ತಾರೆ. ಆದರೆ ಅಲ್ಲಿ ತೆಗೆದುದು ಕೂಡುಬರಹದ ಕಡ್ಡಾಯವನ್ನೇ ಹೊರತು ಕೈಬರಹವನ್ನಲ್ಲ. ಮೇಲಾಗಿ ಅವರ ಲಿಪಿಯ ಕ್ರಮ ಬೇರೆ. ಆದುದರಿಂದ ಈ ವಾದವನ್ನು ನಮ್ಮ ಲಿಪಿಯ ಮೇಲೆಯೇ ಒರೆಹಚ್ಚಿ ನೋಡತಕ್ಕದ್ದು.

‘ಶಕ್ತಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಸ್ಲೇಟಿನ ಮೇಲೆ ಮಗುವು ಮೊದಲು ‘ಕಿ’ ಎಂದು ಬರೆದು, ಅನಂತರ ಕೆಳಗೆ ತಕಾರದ ಒತ್ತನ್ನು ಕೊಡುತ್ತದೆ. ಇಕಾರವು ಕಿವಿಗೆ ಕೇಳುವುದು ತಕಾರದ ಮೇಲೆ, ಕಣ್ಣಿಗೆ ಕಾಣುವುದು ಕಕಾರದ ಮೇಲೆ. ಹಳೆಯ ಬೆರಳಚ್ಚುಯಂತ್ರವು ಈ ಕಣ್ಣಿನ ಕ್ರಮವನ್ನೇ ಅನುಸರಿಸುತ್ತಿತ್ತು. ಗಣಕಯಂತ್ರದ ಕೀಲಿಮಣೆಯಾದರೋ ಕ, ಸಂಯೋಜಕದ ಕೀಲಿ, ತ, ಇ ಎಂದು ಉಚ್ಚಾರಣೆಯ ಕ್ರಮವನ್ನು ಬೇಡುತ್ತದೆ. ‘ಕರ್ಣ’ ಎಂಬಲ್ಲಿಯೂ ಹಾಗೆಯೇ; ಕೈ ಕೊನೆಗೆ ಬರೆಯುವ ಅರ್ಕಾವತ್ತು ಇಲ್ಲಿ ಣಕಾರಕ್ಕಿಂತ ಮೊದಲು ಬೀಳಬೇಕು. ಲಿಪಿಯು ಮರೆಸಿದ ಧ್ವನಿಕ್ರಮವನ್ನು ಕೀಲಿಮಣೆಯು ಬಿಡಿಸಿ ತೋರಿಸುತ್ತದೆ. ಈ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಇದು ಒತ್ತಕ್ಷರಗಳನ್ನು ಬರೆಯಬಲ್ಲ ಮಗುವಿಗೆ ದೊರೆಯುವ ಲಾಭ. ಅಕ್ಷರವನ್ನೇ ತಿದ್ದುತ್ತಿರುವ ಮಗುವಿಗಲ್ಲ.

ತಿದ್ದುವ ಹಂತದಲ್ಲಿ ನಷ್ಟವೇ ಹೆಚ್ಚೆಂದು ತೋರುತ್ತದೆ. ದ, ಧಗಳ ಅಂತರವು ಬುಡದ ಒಂದು ಸೀಳು. ಬಳಪ ಹಿಡಿದ ಕೈ ಅದನ್ನು ಗೆರೆಯಾಗಿ ಎಳೆದು ಅರಿಯುತ್ತದೆ. ಕೀಲಿಮಣೆಯಲ್ಲಿ ಅದೇ ಕೀಲಿ, ಜೊತೆಗೆ ಶಿಫ್ಟ್, ಅಷ್ಟೆ. 2005ರಲ್ಲಿ ಫ್ರಾನ್ಸಿನ ಲಾಂಗ್‌ಕಾಂಪ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳಲ್ಲಿ ನಡೆಸಿದ ಪ್ರಯೋಗದಲ್ಲಿ, ಅವರಲ್ಲಿ ಹಿರಿಯರಾದವರು ಕೈಯಿಂದ ಬರೆದು ಕಲಿತ ಅಕ್ಷರಗಳನ್ನು ಒತ್ತಿ ಕಲಿತವುಗಳಿಗಿಂತ ಚೆನ್ನಾಗಿ ಗುರುತಿಸಿದರು. ಅದು ರೋಮನ್ ಲಿಪಿಯ ಮಾತು. ಸೀಳು, ಕೊಂಬು, ತಲೆಕಟ್ಟುಗಳ ನಮ್ಮ ಲಿಪಿಯಲ್ಲಿ ಕೈಯ ನೆನಪಿನ ಪಾಲು ಕಡಿಮೆಯಾಗಿರಲಾರದು.

ಇನ್ನು ವಿನ್ಯಾಸದ ಪ್ರಶ್ನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ತೊಡಗುತ್ತದೆ. ಸರಕಾರವು ಅಂಗೀಕರಿಸಿದ ಕೆ. ಪಿ. ರಾವ್ ಅವರ ವಿನ್ಯಾಸವು ಇಂಗ್ಲಿಷ್ ಅಕ್ಷರಗಳ ಧ್ವನಿಯನ್ನು ಆಧರಿಸಿದೆ. ಬಲ್ಲವರಿಗೆ ಇದಕ್ಕಿಂತ ಸುಲಭವಾದುದಿಲ್ಲ. ಅದರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಆದರೆ ಮಾಲೂರು ತಾಲೂಕಿನ ಲಕ್ಕೂರಿನಂಥ ಗಡಿಸೀಮೆಯಲ್ಲಿ, ಮನೆಯಲ್ಲಿ ತೆಲುಗನ್ನಾಡುವ ಮಗುವು ಶಾಲೆಯಲ್ಲಿ ಕನ್ನಡವನ್ನು ತಿದ್ದುತ್ತಿರುವಾಗ, ಟಕಾರಕ್ಕಾಗಿ ‘ಕ್ಯೂ’ವನ್ನೂ ಡಕಾರಕ್ಕಾಗಿ ‘ಡಬ್ಲ್ಯೂ’ವನ್ನೂ ಒತ್ತೆಂದರೆ ಮೂರನೆಯ ಹೊರೆಯನ್ನು ಹೇರಿದಂತಾಗುತ್ತದೆ. ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚುವ ಇನ್‌ಸ್ಕ್ರಿಪ್ಟ್ ವಿನ್ಯಾಸವು ಇಂಗ್ಲಿಷಿನ ಹಂಗಿಲ್ಲದ್ದು. ತೆಲುಗಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ಅಲ್ಲಿ ಒಂದೇ ಕೀಲಿ. ಒತ್ತಕ್ಷರಗಳು ಕೈಗೆ ಕುಳಿತ ಮೇಲೆ, ಮೂರನೆಯ ಇಲ್ಲವೆ ನಾಲ್ಕನೆಯ ತರಗತಿಯಲ್ಲಿ, ಇಂಥ ಗಡಿಶಾಲೆಗಳಲ್ಲಿಯೇ ಇದನ್ನು ಮೊದಲು ಪರೀಕ್ಷಿಸಿ ನೋಡುವುದು ಯುಕ್ತ.