ವಚನೋಲ್ಲೇಖದಲ್ಲಿ ಆಕರನಿಷ್ಠೆ

ವಿದ್ಯಾರ್ಥಿಗಳ ಸಂಶೋಧನ ಪ್ರಬಂಧಗಳನ್ನು ಪರಿಶೀಲಿಸುವಾಗ ನಾವು ವಿಷಯವನ್ನು ನೋಡುತ್ತೇವೆ, ಭಾಷೆಯನ್ನು ನೋಡುತ್ತೇವೆ. ಆಕರಗಳ ಉಲ್ಲೇಖವನ್ನು ಮಾತ್ರ ಕೊನೆಯ ಪುಟದ ಔಪಚಾರಿಕತೆಯೆಂದು ಬಗೆದು ದಾಟಿಬಿಡುತ್ತೇವೆ. ಪ್ರಬಂಧದ ಪ್ರಾಮಾಣ್ಯವೆಲ್ಲ ಈ ಔಪಚಾರಿಕತೆಯ ಮೇಲೆಯೇ ನಿಂತಿದೆ ಎಂಬುದನ್ನು ವಚನಸಾಹಿತ್ಯ ಹಾಗೂ ಕೊಡಗಿನ ಇತಿಹಾಸ ಎಂಬ ಎರಡು ಕ್ಷೇತ್ರಗಳ ನಿದರ್ಶನಗಳಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯ ಪದವಿ ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳ ಕೆಲವು ಪ್ರಬಂಧಗಳನ್ನು ಓದುವ ಅವಕಾಶ ಈ ಲೇಖಕನಿಗೆ ಒದಗಿದೆ. ಅವುಗಳಲ್ಲಿ ಉತ್ಸಾಹಕ್ಕಾಗಲಿ ಶ್ರದ್ಧೆಗಾಗಲಿ ಕೊರತೆಯಿಲ್ಲ. ಆದರೆ ವಚನವೊಂದನ್ನು ಉದ್ಧರಿಸಿ, ಅದರ ಕೆಳಗೆ ‘ಬಸವಣ್ಣನವರು’ ಎಂದೋ ‘ಅಕ್ಕಮಹಾದೇವಿ’ ಎಂದೋ ಬರೆದರೆ ಕರ್ತವ್ಯ ಮುಗಿಯಿತೆಂಬ ಭಾವನೆ ಬಹುಮಟ್ಟಿಗೆ ಎಲ್ಲರಲ್ಲಿಯೂ ಕಾಣುತ್ತದೆ. ಯಾರು ಸಂಪಾದಿಸಿದ ಗ್ರಂಥ, ಯಾವ ವರ್ಷದ ಮುದ್ರಣ, ಎಷ್ಟನೆಯ ವಚನ ಎಂಬ ವಿವರಗಳಿರುವುದಿಲ್ಲ. ಮೊಬೈಲಿನಲ್ಲಿ ಕೈಯಿಂದ ಕೈಗೆ ಹರಿದು ಬಂದ ಸಾಲುಗಳೂ ಶರಣರ ಹೆಸರು ಹೊತ್ತು ಪ್ರಬಂಧಗಳೊಳಗೆ ಸೇರಿಕೊಳ್ಳುತ್ತಿವೆ. ಹೀಗೆ ಸೇರಿದ ಸಾಲು ನಾಳೆ ಮತ್ತೊಬ್ಬ ವಿದ್ಯಾರ್ಥಿಗೆ ಆಕರವಾಗುತ್ತದೆ. ಮೂರನೆಯ ಕೈಗೆ ಬರುವಷ್ಟರಲ್ಲಿ ಅದು ಪ್ರಶ್ನಾತೀತ ಪ್ರಮಾಣವೇ ಆಗಿಬಿಡುತ್ತದೆ.

ವಚನಕಾರರ ಹೆಸರೊಂದೇ ಏಕೆ ಸಾಲದು? ಹನ್ನೆರಡನೆಯ ಶತಮಾನದ ವಚನಗಳು ನಮಗೆ ನೇರವಾಗಿ ಬಂದವಲ್ಲ. ಅವು ಹದಿನೈದನೆಯ ಶತಮಾನದ ಸಂಕಲನಕಾರರ ಕೈಯಲ್ಲಿ ಷಟ್‌ಸ್ಥಲಾನುಸಾರವಾಗಿ ಜೋಡಣೆಗೊಂಡು, ಓಲೆಯಿಂದ ಓಲೆಗೆ ಪ್ರತಿಯಾಗುತ್ತ ಬಂದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ಈ ತಾಡೋಲೆಗಳನ್ನು ಅರಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅನಂತರ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದವರು ಪ್ರತ್ಯಂತರಗಳನ್ನು ಹೋಲಿಸಿ ಪಾಠಗಳನ್ನು ನಿಷ್ಕರ್ಷಿಸಿದರು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಕರ್ನಾಟಕ ಸರ್ಕಾರದಿಂದ 1993ರಲ್ಲಿ ಹೊರಬಂದವು. ಒಂದೇ ವಚನದ ಪಾಠ ಇವರೆಲ್ಲರಲ್ಲಿಯೂ ಅಕ್ಷರಶಃ ಒಂದೇ ಆಗಿರಬೇಕೆಂದಿಲ್ಲ. ವಚನದ ಕ್ರಮಸಂಖ್ಯೆಯಂತೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಸಂಪಾದಕರ ಹೆಸರನ್ನು ಬಿಟ್ಟು ‘ವಚನ ಸಂಖ್ಯೆ ಇಷ್ಟು’ ಎಂದು ಬರೆಯುವುದು, ಊರಿನ ಹೆಸರನ್ನು ಬಿಟ್ಟು ಮನೆಯ ಸಂಖ್ಯೆಯನ್ನು ಹೇಳಿದಂತೆ. ಹುಡುಕಿ ಹೊರಟವನು ಎಲ್ಲಿಗೂ ತಲುಪಲಾರ.

ಪಾಠದ ಪ್ರಶ್ನೆ ಕೇವಲ ಪಂಡಿತರ ಚರ್ಚೆಯೆಂದು ತಿಳಿಯಲಾಗದು. ಬಸವಣ್ಣನವರ ವಚನಗಳ ಅಂಕಿತವನ್ನು ‘ಕೂಡಲಸಂಗಮದೇವ’ ಎಂಬುದರ ಸ್ಥಾನದಲ್ಲಿ ‘ಲಿಂಗದೇವ’ ಎಂದು ಬದಲಿಸಿ ಅಚ್ಚು ಮಾಡಿದ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2017ರಲ್ಲಿ ಆ ಕ್ರಮವು ಊರ್ಜಿತವಾಯಿತು. ಆ ವಿವಾದದ ಒಳಹೊರಗುಗಳನ್ನು ಇಲ್ಲಿ ವಿಚಾರಿಸಬೇಕಾಗಿಲ್ಲ. ಅಂಕಿತವು ವಚನಕಾರನ ಹಸ್ತಮುದ್ರೆ. ಅದು ಎರಡು ರೂಪಗಳಲ್ಲಿ ಮುದ್ರಿತವಾಗಿದೆಯೆಂಬುದು ಸತ್ಯಸಂಗತಿ. ಹೀಗಿರುವಾಗ ತಾನು ಯಾವ ಗ್ರಂಥದಿಂದ ಎತ್ತಿಕೊಂಡೆನೆಂದು ಹೇಳದ ವಿದ್ಯಾರ್ಥಿ, ತನಗೆ ಅರಿವಿಲ್ಲದೆಯೇ ಒಂದು ಪಕ್ಷದ ಸಾಕ್ಷಿಯಾಗಿ ನಿಲ್ಲುತ್ತಾನೆ.

ಇನ್ನು ‘ಶೂನ್ಯಸಂಪಾದನೆ’ಯ ವಿಷಯ. ‘ಶೂನ್ಯಸಂಪಾದನೆಯಲ್ಲಿ ಹೀಗಿದೆ’ ಎಂಬ ವಾಕ್ಯವನ್ನು ಅನೇಕ ಪ್ರಬಂಧಗಳಲ್ಲಿ ಕಾಣುತ್ತೇವೆ. ಯಾವ ಶೂನ್ಯಸಂಪಾದನೆ? ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ನಾಲ್ಕು ಕೃತಿಗಳು ನಮಗೆ ದೊರೆತಿವೆ. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಯಿತೆಂಬ ಪ್ರಸಂಗವು ಮೊದಲನೆಯ ಕೃತಿಯಲ್ಲಿಲ್ಲ; ಹಲಗೆಯಾರ್ಯನು ಅದನ್ನು ಸೇರಿಸಿದನು. ಧರ್ಮಜಿಜ್ಞಾಸೆಯ ದೃಷ್ಟಿಯಿಂದ ಇಷ್ಟು ಮಹತ್ವದ ಪ್ರಸಂಗವನ್ನು ಕುರಿತು ಬರೆಯುವವನು ಕರ್ತೃವಿನ ಹೆಸರನ್ನು ಹೇಳದಿದ್ದರೆ ಅವನ ವಾಕ್ಯವು ಸತ್ಯವೂ ಆಗದು, ಅಸತ್ಯವೂ ಆಗದು. ಪರಿಶೀಲನೆಗೇ ಅತೀತವಾಗಿ ಉಳಿಯುತ್ತದೆ. ಇಷ್ಟೇ ಅಲ್ಲ, ಅಲ್ಲಿಯ ವಚನಗಳು ಶರಣರವಾದರೂ, ಅವುಗಳನ್ನು ಪ್ರಶ್ನೋತ್ತರವಾಗಿ ಹೆಣೆದ ಸಂವಾದ ಸಂಕಲನಕಾರರದು. ‘ಅನುಭವಮಂಟಪದಲ್ಲಿ ಅಕ್ಕನು ಪ್ರಭುವಿಗೆ ಈ ವಚನದಿಂದ ಉತ್ತರಿಸಿದಳು’ ಎಂಬ ಮಾತಿಗೆ ಆಧಾರವಾಗಿ ಕೇವಲ ವಚನಸಂಗ್ರಹವೊಂದರ ಪುಟಸಂಖ್ಯೆಯನ್ನು ಕೊಟ್ಟರೆ ವಚನ ಅಲ್ಲಿ ಸಿಕ್ಕೀತು, ಸಂದರ್ಭ ಸಿಕ್ಕದು.

ವಚನಕಾರನ ಹೆಸರೇ ವಿವಾದಕ್ಕೆ ಒಳಗಾಗಿರುವುದೂ ಉಂಟು. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೇ ಅಥವಾ ಬೇರೆ ಬೇರೆಯೇ ಎಂಬುದು ವಿದ್ವಾಂಸರಲ್ಲಿ ದೀರ್ಘಕಾಲ ಚರ್ಚೆಯಾದ ವಿಷಯ. ‘ರಾಮನಾಥ’ ಅಂಕಿತದ ವಚನವನ್ನು ಉದ್ಧರಿಸುವ ವಿದ್ಯಾರ್ಥಿ ಯಾವ ಹೆಸರನ್ನು ಬರೆದರೂ ಒಂದು ಅಭಿಪ್ರಾಯವನ್ನು ಒಪ್ಪಿಕೊಂಡಂತೆಯೇ. ಯಾರ ಅಭಿಪ್ರಾಯವನ್ನು ಒಪ್ಪಿದೆನೆಂದು ಹೇಳುವುದು ಅವನ ಹೊಣೆ.

ಕೊಡಗಿನ ಇತಿಹಾಸವನ್ನು ಕುರಿತ ಪ್ರಬಂಧಗಳಲ್ಲಿ ಈ ದೋಷ ಬೇರೊಂದು ವೇಷದಲ್ಲಿ ಬರುತ್ತದೆ. ಲಿಂಗಾಯತರಾಗಿದ್ದ ಹಾಲೇರಿ ಅರಸರನ್ನು ಕುರಿತು ಬರೆಯುವವರು ‘ರಾಜೇಂದ್ರನಾಮೆ’ಯನ್ನು ಆಕರಸೂಚಿಯ ತಲೆಯಲ್ಲಿ ಬರೆಯುತ್ತಾರೆ. ಒಳಗಿನ ಸಂಗತಿಗಳನ್ನು ನೋಡಿದರೆ ಅವು 1855ರ ಹರ್ಮನ್ ಮೊಗ್ಲಿಂಗರ ಇಂಗ್ಲಿಷ್ ಕೃತಿಯಿಂದಲೋ, 1870ರ ರಿಕ್ಟರರ ಕೈಪಿಡಿಯಿಂದಲೋ, ಅವುಗಳನ್ನು ಅನುಸರಿಸಿದ ಮತ್ತೊಂದು ಕನ್ನಡ ಪುಸ್ತಕದಿಂದಲೋ ಬಂದವಾಗಿರುತ್ತವೆ. ಕಣ್ಣಿನಿಂದ ಕಾಣದ ಗ್ರಂಥವನ್ನು ಕಂಡಂತೆ ಬರೆಯುವುದು ವಿದ್ವತ್ತಿನ ಸೋಗು. ‘ಇಂಥವರು ಉದ್ಧರಿಸಿದಂತೆ’ ಎಂಬ ಎರಡು ಪದಗಳು ಅದನ್ನು ಸತ್ಯವಾಗಿಸುತ್ತವೆ. ಮೇಲಾಗಿ ‘ರಾಜೇಂದ್ರನಾಮೆ’ಯು ದೊಡ್ಡ ವೀರರಾಜೇಂದ್ರನು (ಆಳ್ವಿಕೆ 1780-1809) ತಾನೇ ಬರೆಯಿಸಿದ ವಂಶಚರಿತ್ರೆ. ಟಿಪ್ಪುವಿನ ವಿರುದ್ಧ ಅವನು ನಡೆಸಿದ ಹೋರಾಟಕ್ಕೆ ಅದೊಂದನ್ನೇ ಸಾಕ್ಷಿಯಾಗಿಸುವವನು, ಅದು ಅರಸನ ಆಸ್ಥಾನದ ಮಾತೆಂಬುದನ್ನು ಓದುಗರಿಗೆ ತಿಳಿಸಲೇಬೇಕು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಮಹಾಕೃತಿ. ಆದರೆ ಅದು ಕಾದಂಬರಿ. 1834ರಲ್ಲಿ ಪದಚ್ಯುತನಾದ ಅರಸನ ಶೀಲಕ್ಕೆ ಅದರ ಸಂಭಾಷಣೆಯನ್ನು ಚಾರಿತ್ರಿಕ ಪ್ರಮಾಣವಾಗಿ ಕೊಟ್ಟರೆ ಇತಿಹಾಸಕ್ಕೂ ಅನ್ಯಾಯ, ಮಾಸ್ತಿಯವರ ಪ್ರತಿಭೆಗೂ ಅನ್ಯಾಯ.

ಇದಕ್ಕೆ ಒಂದು ಆಕ್ಷೇಪವುಂಟು. ‘ವಚನಗಳು ನಾಲಗೆಯ ಮೇಲೆ ಬದುಕಿದವು; ಪ್ರವಚನಕಾರರು ಪುಟಸಂಖ್ಯೆ ಹೇಳುತ್ತಾರೆಯೆ? ಅನುಭಾವಕ್ಕೆ ಅಡಿಟಿಪ್ಪಣಿಯ ಹಂಗೇಕೆ?’ ಎಂದು ಕೆಲವರು ಕೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪೂಜೆಯ ಹೊತ್ತಿನಲ್ಲಿ ವಚನ ಹಾಡುವ ತಾಯಿಯನ್ನು ಆಕರ ಕೇಳುವುದು ಅವಿವೇಕ. ಆದರೆ ಪ್ರವಚನವು ಕೇಳುವವರ ನಂಬುಗೆಯನ್ನು ಆಶ್ರಯಿಸುತ್ತದೆ, ಸಂಶೋಧನೆಯು ಓದುವವರ ಪರಿಶೀಲನೆಯನ್ನು ಆಹ್ವಾನಿಸುತ್ತದೆ. ಒಬ್ಬನೇ ವ್ಯಕ್ತಿ ಸಂಜೆ ಭಕ್ತನಾಗಿಯೂ ಹಗಲು ಸಂಶೋಧಕನಾಗಿಯೂ ಇರಬಹುದು. ಎರಡರ ನಿಯಮಗಳನ್ನು ಬೆರೆಸಬಾರದಷ್ಟೆ. ಪ್ರತಿ ನುಡಿಯ ಕೊನೆಗೆ ತಮ್ಮ ಅಂಕಿತವನ್ನಿರಿಸಿ, ಆಡಿದ ಮಾತಿಗೆ ತಾವೇ ಹೊಣೆಯೆಂದು ಸಾರಿದವರು ಶರಣರು. ಅವರ ಮಾತನ್ನು ಬಳಸುವಾಗ ನಮ್ಮ ಹೊಣೆಯನ್ನು ಮರೆಸುವುದು ಅವರ ಮಾರ್ಗವಾಗಲಾರದು.

ದೋಷದ ಭಾರವನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹೊರಿಸುವುದೂ ನ್ಯಾಯವಲ್ಲ. ಆಕರಸೂಚಿಯ ಉದ್ದವನ್ನು ಅಳೆದು ಅಂಕ ಕೊಡುವ ಮಾರ್ಗದರ್ಶಕರಿರುವವರೆಗೆ ಓದದ ಗ್ರಂಥಗಳ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಮಾರ್ಗದರ್ಶಕರು ಪ್ರಬಂಧದ ಯಾವುದಾದರೂ ಮೂರು ಉಲ್ಲೇಖಗಳನ್ನು ಆಯ್ದು, ಆ ಗ್ರಂಥಗಳನ್ನು ತರಿಸಿ, ವಿದ್ಯಾರ್ಥಿಯ ಎದುರಿನಲ್ಲಿಯೇ ಪುಟ ತೆರೆದು ನೋಡಲಿ. ಈ ಒಂದು ಅಭ್ಯಾಸ ನಿಯಮಾವಳಿಗಳೆಲ್ಲಕ್ಕಿಂತ ಹೆಚ್ಚಿನ ಫಲ ಕೊಡುತ್ತದೆ. ವಿದ್ಯಾರ್ಥಿಯು ಸಂಪಾದಕ, ಗ್ರಂಥ, ಸಂಪುಟ, ಪ್ರಕಾಶಕ, ವರ್ಷ, ವಚನಸಂಖ್ಯೆ ಇವಿಷ್ಟನ್ನು ಓದಿದ ದಿನವೇ ಬರೆದಿಟ್ಟುಕೊಳ್ಳಲಿ. ಅಂತರ್ಜಾಲದಲ್ಲಿ ದೊರೆತ ವಚನವನ್ನು ಮುದ್ರಿತ ಸಂಪುಟದೊಡನೆ ಹೋಲಿಸಿಯೇ ಬಳಸಲಿ. ಸಂಪುಟದಲ್ಲಿ ಸಿಕ್ಕದಿದ್ದರೆ, ಎಷ್ಟೇ ಸೊಗಸಾಗಿದ್ದರೂ ಬಿಟ್ಟುಬಿಡಲಿ.

ಗೆದ್ದಲು ತಿನ್ನುತ್ತಿದ್ದ ಓಲೆಗಳಿಂದ ಒಂದೊಂದೇ ವಚನವನ್ನು ಎತ್ತಿ ಉಳಿಸಿಕೊಟ್ಟ ಹಳಕಟ್ಟಿಯಂಥವರ ಶ್ರಮಕ್ಕೆ ನಾವು ಸಲ್ಲಿಸಬಹುದಾದ ಗೌರವಗಳಲ್ಲಿ ಅಡಿಟಿಪ್ಪಣಿಯೂ ಒಂದು. ಅದಕ್ಕೆ ಬೇಕಾಗುವುದು ಒಂದೇ ಸಾಲು.