ಫಾರಂ 990ರ ಏಳನೇ ಭಾಗ

ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಆಸ್ಪತ್ರೆ, ವಿಶ್ವವಿದ್ಯಾಲಯ, ಅನಾಥಾಲಯ, ನಾಟಕ ತಂಡಗಳು ವರ್ಷಕ್ಕೊಮ್ಮೆ ತುಂಬಿಕೊಡುವ ಲೆಕ್ಕಪತ್ರವೇ ಫಾರಂ 990. ಸರ್ಕಾರಿ ನಮೂನೆಯೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ನಮ್ಮಲ್ಲಿಲ್ಲ. ಆದರೆ ಇದನ್ನು ತಾಳ್ಮೆಯಿಂದ ಓದಿದವರಿಗೆ ಒಂದು ಸಂಸ್ಥೆಯ ಸ್ವಭಾವ ಅದರ ವಾರ್ಷಿಕ ವರದಿಯ ಬಣ್ಣದ ಪುಟಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. ಇಂಥ ಸಂಸ್ಥೆ ಉಳಿಸಿಕೊಳ್ಳುವ ತೆರಿಗೆ ಉಳಿದವರೆಲ್ಲ ಸೇರಿ ಬಿಟ್ಟುಕೊಟ್ಟ ಹಣ. ಹಾಗಾಗಿ ಅದರ ಲೆಕ್ಕ ಕೇಳುವ ಹಕ್ಕು ದೇಣಿಗೆ ಕೊಟ್ಟವರಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ.

ಫಾರಮ್ಮಿನ ಜೀವಾಳ ಏಳನೇ ಭಾಗ. ಪದಾಧಿಕಾರಿಗಳು ಮತ್ತು ಮಂಡಳಿಯ ಸದಸ್ಯರು ಒಂದು ಡಾಲರನ್ನೂ ಪಡೆಯದಿದ್ದರೂ ಅವರ ಹೆಸರು ಇಲ್ಲಿ ಬರಲೇಬೇಕು. ವಾರಕ್ಕೆ ಸರಾಸರಿ ಎಷ್ಟು ಗಂಟೆ ದುಡಿಯುತ್ತಾರೆ, ಈ ಸಂಸ್ಥೆಯಿಂದ ಎಷ್ಟು ಸಂಬಳ, ಇದರೊಂದಿಗೆ ನಂಟಿರುವ ಬೇರೆ ಸಂಸ್ಥೆಗಳಿಂದ ಎಷ್ಟು, ಇತರ ಸವಲತ್ತು ಎಷ್ಟು ಎಂಬ ಕಾಲಂಗಳು ಹೆಸರಿನ ಪಕ್ಕದಲ್ಲೇ ಇವೆ. ಉಳಿದ ನೌಕರರಲ್ಲಿ 1 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಮೊದಲ ಐವರೂ ಪಟ್ಟಿಗೆ ಸೇರುತ್ತಾರೆ. ಒಬ್ಬರ ಗಳಿಕೆ ಒಂದೂವರೆ ಲಕ್ಷ ದಾಟಿದರೆ ‘ಶೆಡ್ಯೂಲ್ ಜೆ’ ಎಂಬ ಇನ್ನೊಂದು ಹಾಳೆ. ಅದರ ಪ್ರಶ್ನೆಗಳ ನಿಷ್ಠುರತೆ ನನಗೆ ಬಹಳ ಇಷ್ಟ. ವಿಮಾನದಲ್ಲಿ ಮೊದಲ ದರ್ಜೆಯ ಪ್ರಯಾಣ ಕೊಟ್ಟಿದ್ದೀರಾ? ಜೊತೆಗೆ ಬಂದವರ ಪ್ರಯಾಣದ ಖರ್ಚು ಭರಿಸಿದ್ದೀರಾ? ವಾಸಕ್ಕೆ ಮನೆ, ಕ್ಲಬ್ಬಿನ ಶುಲ್ಕ, ಅಡುಗೆಯವರು, ಕಾರಿನ ಚಾಲಕ? ಮುಖ್ಯ ಫಾರಮ್ಮಿನ ಆರನೇ ಭಾಗವು ಮಂಡಳಿಯಲ್ಲಿ ಪರಸ್ಪರ ಸಂಬಂಧಿಕರು ಇದ್ದಾರೆಯೇ ಎಂದೂ ಕೇಳುತ್ತದೆ. ಸಂಸ್ಥೆಗಳು ಎಲ್ಲೆಲ್ಲಿ ಕೆಡುತ್ತವೆ ಎಂದು ಬಲ್ಲವರೇ ಬರೆದ ಪ್ರಶ್ನೆಗಳಿವು.

ಕೆಟ್ಟದ್ದಕ್ಕೆ ಉದಾಹರಣೆ ಅಲ್ಲಿ ಬೇಕಾದಷ್ಟಿದೆ. ಯುನೈಟೆಡ್ ವೇ ಎಂಬ ಹೆಸರಾಂತ ಸಂಸ್ಥೆಯ ಮುಖ್ಯಸ್ಥ ವಿಲಿಯಂ ಅರಮೊನಿ 1992ರಲ್ಲಿ ರಾಜೀನಾಮೆ ಕೊಟ್ಟರು. ಅವರ ಸಂಬಳ, ಸವಲತ್ತು 4 ಲಕ್ಷ ಡಾಲರ್ ದಾಟಿದ್ದವು. ಐಷಾರಾಮಿ ಪ್ರಯಾಣದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. 1995ರಲ್ಲಿ ವಂಚನೆ ಸಾಬೀತಾಗಿ ಏಳು ವರ್ಷ ಜೈಲು ಶಿಕ್ಷೆಯಾಯಿತು. ಮರುವರ್ಷವೇ ಬಂದ ಕಾನೂನು, ಮಿತಿಮೀರಿದ ಸಂಬಳ ಪಡೆದ ಅಧಿಕಾರಿಯಿಂದಲೇ ಹೆಚ್ಚುವರಿ ಮೊತ್ತದ ಮೇಲೆ ಶೇ 25 ತೆರಿಗೆ ಕೀಳುವಂತೆ ಮಾಡಿತು.

ನನ್ನ ಮೆಚ್ಚುಗೆ ಈ ತೆರಿಗೆಗಿಂತ ಹೆಚ್ಚಾಗಿ ಫಾರಂ ಜನರ ಕೈಗೆ ಬಂದ ದಾರಿಗೆ ಸಲ್ಲುತ್ತದೆ. ಅದು ಬಹಳ ಕಾಲ ಹೆಸರಿಗಷ್ಟೇ ಸಾರ್ವಜನಿಕವಾಗಿತ್ತು. ಸಂಸ್ಥೆಗಳು ತಮ್ಮ ಕಚೇರಿಗೆ ಬಂದವರಿಗೆ ಅದನ್ನು ತೋರಿಸಬೇಕೆಂಬ ನಿಯಮ ಬಂದದ್ದು 1987ರಲ್ಲಿ. ಯಾರದೋ ಸಂಬಳ ಎಷ್ಟೆಂದು ಅವರದೇ ಕಚೇರಿಗೆ ಹೋಗಿ, ಅವರದೇ ಗುಮಾಸ್ತರನ್ನು ಕೇಳುವ ಧೈರ್ಯ ಎಷ್ಟು ಜನರಿಗಿದ್ದೀತು? 1999ರಿಂದ ಕೇಳಿದವರಿಗೆ ಪ್ರತಿ ಕೊಡುವುದು ಕಡ್ಡಾಯವಾಯಿತು. 1994ರಲ್ಲಿ ಹುಟ್ಟಿದ ಗೈಡ್‌ಸ್ಟಾರ್ ಎಂಬ ಸಂಸ್ಥೆ ಫಾರಂಗಳ ಪ್ರತಿಗಳನ್ನು ಅಂತರ್ಜಾಲಕ್ಕೆ ತಂದಿತು. ಅಷ್ಟಾದರೂ ಒಂದು ವಿಚಿತ್ರ ಅಡ್ಡಿ ಉಳಿದಿತ್ತು. ಸಂಸ್ಥೆಗಳು ಕಂಪ್ಯೂಟರಿನಲ್ಲೇ ಸಲ್ಲಿಸಿದ ಲೆಕ್ಕವನ್ನು ತೆರಿಗೆ ಇಲಾಖೆ ಬರಿಯ ಚಿತ್ರಗಳನ್ನಾಗಿ ಮಾಡಿ ಹೊರಗೆ ಕೊಡುತ್ತಿತ್ತು. ಅದರಲ್ಲಿ ಹುಡುಕುವಂತಿಲ್ಲ, ಕೂಡುವಂತಿಲ್ಲ. ಕಾರ್ಲ್ ಮಲಮುಡ್ ಎಂಬ ಕಾರ್ಯಕರ್ತರ ಸಂಸ್ಥೆ ಇದರ ವಿರುದ್ಧ ದಾವೆ ಹೂಡಿ 2015ರಲ್ಲಿ ಗೆದ್ದಿತು. ಮರುವರ್ಷ ಇಲಾಖೆ ದತ್ತಾಂಶವನ್ನು ಸಗಟಾಗಿ ಬಿಡುಗಡೆ ಮಾಡಿತು. 2019ರ ಕಾನೂನು ಕಂಪ್ಯೂಟರಿನಲ್ಲೇ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಈಗ ಪ್ರೊಪಬ್ಲಿಕಾ ಸುದ್ದಿಸಂಸ್ಥೆಯ ಹುಡುಕುತಾಣದಲ್ಲಿ ಸಂಸ್ಥೆಯ ಹೆಸರು ಬರೆದರೆ ವರ್ಷವಾರು ಸಂಬಳ ತೆರೆದುಕೊಳ್ಳುತ್ತದೆ. ಕೇಳುವವರು ಯಾರು, ಯಾಕೆ ಕೇಳುತ್ತೀರಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಈ ಪದ್ಧತಿಯ ದೊಡ್ಡ ಗೆಲುವು ಇದೇ.

ಲೋಪಗಳು ಸಣ್ಣವಲ್ಲ. ಚರ್ಚುಗಳು ಈ ಫಾರಂ ತುಂಬಬೇಕಿಲ್ಲ. ಅಪಾರ ದೇಣಿಗೆ ಹರಿಯುವ ಜಾಗವೇ ಕತ್ತಲಲ್ಲಿ ಉಳಿದಿದೆ. ಸಾರ್ವಜನಿಕ ಪ್ರತಿಯಲ್ಲಿ ಸಾಮಾನ್ಯವಾಗಿ ದಾನಿಗಳ ಹೆಸರು ಇರುವುದಿಲ್ಲ. ಅದಕ್ಕೆ ಸಕಾರಣವಿದೆ ಎಂದು ಒಪ್ಪುತ್ತೇನೆ. ಆಡಳಿತವನ್ನು ಹೊರಗಿನ ಕಂಪನಿಗೆ ವಹಿಸಿದರೆ ಫಾರಂನಲ್ಲಿ ಕಾಣುವುದು ಆ ಕಂಪನಿಗೆ ಹೋದ ಮೊತ್ತ. ಅಲ್ಲಿ ಯಾರಿಗೆ ಎಷ್ಟು ಸಂದಿತೆಂಬುದು ಕಾಣದೆ ಹೋಗಬಹುದು. ಗಡುವು ಮತ್ತು ವಿಸ್ತರಣೆ ಸೇರಿದರೆ ಓದುಗರಿಗೆ ಸಿಗುವ ಲೆಕ್ಕ ಒಂದು ವರ್ಷಕ್ಕೂ ಹಳೆಯದು. ಇನ್ನೊಂದು ತೊಡಕು ನನ್ನನ್ನು ಹೆಚ್ಚು ಕಾಡುತ್ತದೆ. ಸಂಬಳ ನಿಗದಿಯಲ್ಲಿ ಸಮಾನ ಸಂಸ್ಥೆಗಳ ಸಂಬಳವನ್ನು ಹೋಲಿಸಿ ನೋಡಿದ್ದೀರಾ ಎಂದು ಫಾರಂ ಕೇಳುತ್ತದೆ. ಹೋಲಿಕೆಗೆ ಸಿಗುವುದು ಇತರರ ಇದೇ ಫಾರಂ. ಯಾವ ಮಂಡಳಿಯೂ ತನ್ನ ಮುಖ್ಯಸ್ಥರು ಸರಾಸರಿಗಿಂತ ಕೆಳಗಿರಲಿ ಎಂದು ಬಯಸದಿದ್ದರೆ ಸಂಬಳಗಳು ಒಂದನ್ನೊಂದು ಮೇಲಕ್ಕೆ ಎಳೆಯುತ್ತವೆ.

ತಪ್ಪಾಗಿ ಓದುವ ಅಪಾಯವೂ ಇದೆ. ವರ್ಷಗಟ್ಟಲೆ ತಡೆಹಿಡಿದ ನಿವೃತ್ತಿ ಹಣ ಒಮ್ಮೆಗೆ ಕೈಗೆ ಬಂದ ವರ್ಷ ಒಬ್ಬರ ಗಳಿಕೆ ದುಪ್ಪಟ್ಟಾಗಿ ಕಾಣಬಹುದು. ‘ಶೆಡ್ಯೂಲ್ ಜೆ’ಯ ಕೊನೆಯ ಕಾಲಂ ನೋಡದೆ ಬೆರಳು ತೋರಿಸಿದರೆ ಅನ್ಯಾಯವಾಗುತ್ತದೆ. ಆಡಳಿತ ವೆಚ್ಚ ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಎಂಬ ನಂಬಿಕೆ ಇನ್ನೂ ಹಾನಿಕರ. ಒಳ್ಳೆಯ ಲೆಕ್ಕಿಗರಿಗೆ, ದಾದಿಯರ ಮೇಲ್ವಿಚಾರಕಿಗೆ ನ್ಯಾಯವಾದ ಸಂಬಳ ಕೊಡುವುದು ಪೋಲಲ್ಲ.

ಅಮೆರಿಕದ ಕನ್ನಡ ಕೂಟಗಳಲ್ಲಿ ತೆರಿಗೆ ವಿನಾಯಿತಿ ಪಡೆದವೂ ಇದೇ ನಿಯಮದ ಕೆಳಗೆ ಬರುತ್ತವೆ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಮೀರದವರಿಗೆ ಹೆಸರು, ವಿಳಾಸದಷ್ಟರ ಕಿರು ನಮೂನೆ ಸಾಕು.

ತವರಿನಲ್ಲಿ ದಿಕ್ಕು ತಿರುಗುಮುರುಗಾಗಿದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ವಾರ್ಷಿಕ ಲೆಕ್ಕ ಕೇಂದ್ರ ಗೃಹ ಸಚಿವಾಲಯದ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತಿತ್ತು. 2022ರ ಜುಲೈನಲ್ಲಿ ಅದನ್ನು ತೆಗೆದುಹಾಕಲಾಯಿತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘಗಳು ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕವನ್ನೂ ವರ್ಷಕ್ಕೊಮ್ಮೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಮ್ಮ ಸಂಘಗಳ ಆಯವ್ಯಯದಲ್ಲಿ ‘ಸಂಬಳ ಮತ್ತು ಭತ್ಯೆ’ ಎಂಬ ಒಂದೇ ಸಾಲಿನಲ್ಲಿ ಕಾವಲುಗಾರರೂ ಕಾರ್ಯದರ್ಶಿಯೂ ಬೆರೆತುಹೋಗುತ್ತಾರೆ. ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸಂಸ್ಥೆಗಳಿಗೆ ಮಾಹಿತಿ ಹಕ್ಕು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೂ ಅರ್ಜಿ ಬರೆಯಬೇಕು, ಹೆಸರು ಕೊಡಬೇಕು, ಕಾಯಬೇಕು. ತಾಲ್ಲೂಕಿನ ಅನುದಾನಿತ ಶಾಲೆಯೊಂದರ ಲೆಕ್ಕವನ್ನು ಅಲ್ಲೇ ಮಗುವನ್ನು ಓದಿಸುತ್ತಿರುವ ತಾಯಿ ಹೀಗೆ ಹೆಸರು ಕೊಟ್ಟು ಕೇಳುವುದು ಸುಲಭವಲ್ಲ. ಕೇಳುವ ಮೊದಲೇ ಮಾಹಿತಿ ಪ್ರಕಟಿಸಿ ಎಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸಾರ್ವಜನಿಕ ಕಚೇರಿಗಳಿಗೆ ಹೇಳುತ್ತದೆ. ನೋಂದಣಾಧಿಕಾರಿಗಳು ತಮಗೆ ಬಂದ ಲೆಕ್ಕಪತ್ರಗಳಿಂದಲೇ ಈ ಕೆಲಸ ಶುರುಮಾಡಲಿ. ಸರ್ಕಾರ ಸಂಘಗಳ ವಾರ್ಷಿಕ ನಮೂನೆಗೆ ಮುಖ್ಯಸ್ಥರ ಸಂಬಳದ ಪ್ರತ್ಯೇಕ ಕಾಲಂ ಸೇರಿಸಲಿ.